ಅತ್ತೆ ಮತ್ತು ಇನ್ನು ನಾಲ್ಕು ಕೋಳಿಗಳು

ಜನವರಿ 6

ಮಗಳೇ,

ಇದು ರಾಜಿ ಮಾಡಿಕೊಳ್ಳುವ ಪತ್ರ ಎಂದುಕೊಳ್ಳಬೇಡ. ಇದು ಕೋಳಿಯ ಪತ್ರ. ನಾನು ಚೆನ್ನಾಗಿದ್ದೇನೆ, ನೀನು ಹೇಗಿದ್ದೀಯ ಎಂಬ ಸಾಲುಗಳನ್ನು ನೀನೇ ಮನಸ್ಸಿನಲ್ಲಿ ಸೇರಿಸಿಕೊಂಡು ಓದು. ಫೋನ್ ಮಾಡಬಹುದಿತ್ತು. ಮಾಡಿದರೆ ನೀನು ಎತ್ತುವುದಿಲ್ಲ, ಎತ್ತಿದರೆ ನಾನು ಕೂಗಾಡುತ್ತೇನೆ. ಪತ್ರವಾದರೆ ಇಬ್ಬರಿಗೂ ಮರ್ಯಾದೆ.

ವಿಷಯ ಇಷ್ಟು. ನಿನ್ನ ಅಮ್ಮನ ಐದು ಕೋಳಿಗಳಲ್ಲಿ ಕಂದು ಬಣ್ಣದ್ದು, ಕತ್ತಿನ ಹತ್ತಿರ ಪುಕ್ಕ ಕಿತ್ತುಹೋಗಿರುವುದು, ಆರು ದಿನದಿಂದ ಗೂಡಿನ ಮೂಲೆ ಬಿಟ್ಟು ಏಳುತ್ತಿಲ್ಲ. ಮೈ ಉಬ್ಬಿಸಿಕೊಂಡು ಕೂತಿದೆ. ಹತ್ತಿರ ಹೋದರೆ ಗುರ್ ಎನ್ನುತ್ತದೆ. ಕೋಳಿ ಗುರ್ ಎನ್ನುವುದನ್ನು ಈ ಅರವತ್ತೆಂಟು ವರ್ಷದಲ್ಲಿ ನಾನು ಕೇಳಿರಲಿಲ್ಲ. ದಿನಕ್ಕೊಂದು ಸಲ ಎದ್ದು, ನಾಲ್ಕು ಕಾಳು ತಿಂದು, ಯಾರೋ ಅಟ್ಟಿಸಿಕೊಂಡು ಬಂದವರಂತೆ ಓಡಿಹೋಗಿ ಮತ್ತೆ ಕೂರುತ್ತದೆ. ಹೊಟ್ಟೆ ಮುಟ್ಟಿ ನೋಡಿದೆ, ಸುಡುತ್ತಿತ್ತು. ಜ್ವರದ ಮಾತ್ರೆಯ ಕಾಲು ಭಾಗ ಪುಡಿ ಮಾಡಿ ನೀರಿನಲ್ಲಿ ಕಲಸಿ ಕೊಟ್ಟೆ. ಅದು ಕುಡಿಯಲಿಲ್ಲ, ನನ್ನ ಹೆಬ್ಬೆರಳನ್ನು ಕುಕ್ಕಿತು. ಮೂರು ದಿನ ಅಂಗಡಿಯಲ್ಲಿ ಕ್ಷೌರದ ಕತ್ತರಿ ಹಿಡಿಯಲು ಕಷ್ಟವಾಯಿತು.

ನೀನು ಪಶು ಆಸ್ಪತ್ರೆಯಲ್ಲಿ ಕಾಂಪೌಂಡರ್. ಔಷಧಿಯ ಹೆಸರು ಬರೆದು ಕಳಿಸು. ಹಾಗೇ, ಉಳಿದ ನಾಲ್ಕೂ ಗೋಡೆ ಹಾರಿ ಪಕ್ಕದ ಮನೆಯ ಹಿತ್ತಲಿಗೆ ಹೋಗುತ್ತವೆ. ಪಕ್ಕದ ಮನೆಯವರು ಯಾರು ಎಂದು ನಿನಗೆ ಗೊತ್ತು, ನಮ್ಮ ಕಾಲೊನಿಯ ನಿವಾಸಿಗಳ ಸಂಘದ ಕಾರ್ಯದರ್ಶಿ. ಅದಕ್ಕೂ ಏನಾದರೂ ಉಪಾಯವಿದ್ದರೆ ಬರೆ. ಬೇರೇನೂ ಬರೆಯಬೇಕಿಲ್ಲ.

ನಿನ್ನ ಅಮ್ಮ ಹೋದ ಹತ್ತನೇ ದಿನ ನೀನು ಪಂಜರ ಹಿಡಿದುಕೊಂಡು ಬಂದು, "ಅಮ್ಮ ಇದ್ದಾಗ ಒಂದು ದಿನ ಒಂದು ಹಿಡಿ ಕಾಳು ಹಾಕಿದವರಲ್ಲ ನೀವು. ಈಗ ಕೋಳಿ ಸಾಕ್ತೀರಾ? ಕೊಡಿ ನನಗೆ, ಇಲ್ಲಾಂದ್ರೆ ತಿಂಗಳೊಳಗೆ ಐದೂ ಸಾಯ್ತವೆ" ಎಂದಿದ್ದೆ. ನಾನು ಕೊಡಲಿಲ್ಲ. ನೀನು ಖಾಲಿ ಪಂಜರ ತೆಗೆದುಕೊಂಡು ಹೋಗಿ ಎಂಟೂವರೆ ತಿಂಗಳಾಯಿತು. ಐದೂ ಬದುಕಿವೆ. ಈ ಸಾಲನ್ನು ಎರಡು ಸಲ ಓದು.

ಅಪ್ಪ


ಜನವರಿ 13

ಅಪ್ಪ,

ಎರಡು ಸಲ ಓದಿದೆ.

ಕಂದು ಕೋಳಿಗೆ ಜ್ವರವಿಲ್ಲ. ಅದು ಕಾವಿಗೆ ಕೂತಿದೆ. ಕಾವಿಗೆ ಕೂತ ಕೋಳಿಯ ಹೊಟ್ಟೆ ಬಿಸಿಯಾಗಿಯೇ ಇರುತ್ತದೆ, ಯಾರು ಹತ್ತಿರ ಬಂದರೂ ಸಿಟ್ಟು ಬರುತ್ತದೆ. ಹುಂಜ ಇಲ್ಲದ ಹಿತ್ತಲಲ್ಲಿ ಎಷ್ಟು ದಿನ ಕೂತರೂ ಮರಿ ಬರುವುದಿಲ್ಲ, ಆದರೆ ಅದು ಕೋಳಿಗೆ ಗೊತ್ತಿಲ್ಲ. ಕೆಳಗೆ ತಂತಿಬಲೆ ಇರುವ ಪೆಟ್ಟಿಗೆಯೊಂದರಲ್ಲಿ ಮೂರು ದಿನ ಬಿಡಿ. ಹೊಟ್ಟೆಗೆ ಕೆಳಗಿನಿಂದ ಗಾಳಿ ತಾಗಬೇಕು. ನೀರು, ಕಾಳು ಪಕ್ಕದಲ್ಲೇ ಇಡಿ. ಕಾವು ಇಳಿಯುತ್ತದೆ. ದಯವಿಟ್ಟು ಮನುಷ್ಯರ ಮಾತ್ರೆ ಕೊಡಬೇಡಿ. ಅದು ನಿಮ್ಮ ಹೆಬ್ಬೆರಳು ಕುಕ್ಕಿದ್ದು ಸರಿಯಾಗಿಯೇ ಇದೆ.

ಕತ್ತಿನ ಪುಕ್ಕ ಹೋಗಿರುವುದು ಉಳಿದ ನಾಲ್ಕು ಕುಕ್ಕುವುದರಿಂದ. ಕೋಳಿಗಳಲ್ಲಿ ಯಾರು ಮೊದಲು ತಿನ್ನಬೇಕು, ಯಾರು ಕೊನೆಗೆ ಎಂದು ಇರುತ್ತದೆ. ಕೊನೆಯದು ಮುಂದೆ ಬಂದರೆ ಎಲ್ಲವೂ ಸೇರಿ ಕುಕ್ಕುತ್ತವೆ. ಅಮ್ಮ ಎರಡು ಬಟ್ಟಲು ದೂರ ದೂರ ಇಡುತ್ತಿದ್ದಳು. ಇಡುವಾಗ ಹೆಸರು ಹಿಡಿದು ಕರೆಯುತ್ತಿದ್ದಳು.

ನೀವು "ಕಂದು ಬಣ್ಣದ್ದು" ಎಂದು ಬರೆದಿದ್ದೀರಿ. ಹೆಸರು ಗೊತ್ತಿಲ್ಲವಾ? ಎಲ್ಲರಿಗಿಂತ ಮೊದಲು ತಿನ್ನುವ ದಪ್ಪ ಕರಿ ಕೋಳಿ ಅತ್ತೆ. ಅದರ ಬೆನ್ನ ಹಿಂದೆಯೇ ಇರುವ ಬಿಳಿಯವೆರಡು ದೊಡ್ಡ ನಾದಿನಿ, ಚಿಕ್ಕ ನಾದಿನಿ. ಚುಕ್ಕೆಯದು ಓರಗಿತ್ತಿ. ಕಂದು ಬಣ್ಣದ್ದು ಸೊಸೆ.

ಗೋಡೆ ಹಾರುವುದಕ್ಕೆ ರೆಕ್ಕೆಯ ತುದಿಯ ಉದ್ದ ಗರಿ ಕತ್ತರಿಸಿ. ಕೂದಲು ಕತ್ತರಿಸಿದ ಹಾಗೇ, ನೋವಾಗುವುದಿಲ್ಲ. ಕತ್ತರಿ ಹಿಡಿಯುವುದನ್ನು ನಿಮಗೆ ನಾನು ಹೇಳಿಕೊಡಬೇಕಾಗಿಲ್ಲ.

ಮಗಳು


ಜನವರಿ 30

ಮಗಳೇ,

ನಿನ್ನ ಪತ್ರವನ್ನು ಎರಡು ದಿನ ಮಡಚಿ ಡ್ರಾಯರಿನಲ್ಲಿ ಹಾಕಿದ್ದೆ. ಅಷ್ಟು ಸಿಟ್ಟು ಬಂದಿತ್ತು. ನನ್ನ ಹೆತ್ತ ತಾಯಿಯ ಸ್ಥಾನವನ್ನು ಒಂದು ಕರಿ ಕೋಳಿಗೆ ಕೊಡುವುದೇ? ಅದೂ ಅವಳು ಬದುಕಿದ್ದಾಗಲೇ? ನನ್ನ ಇಬ್ಬರು ತಂಗಿಯರು ಈ ಹಿತ್ತಲಲ್ಲಿ ಕೂತು ಕಾಫಿ ಕುಡಿಯುವಾಗ ಅವರ ಕಾಲ ಬಳಿಯೇ ಇನ್ನಿಬ್ಬರು ನಾದಿನಿಯರು ಓಡಾಡುತ್ತಿದ್ದರಾ? ನಿನ್ನ ಅಮ್ಮ ಮುಖದಲ್ಲಿ ಒಂದು ಗೆರೆ ಬದಲಾಗದೆ ಕಾಫಿ ಬಸಿಯುತ್ತಿದ್ದಳಲ್ಲ!

ಮೂರನೇ ದಿನ ಹಿತ್ತಲಲ್ಲಿ ಕೂತು ನೋಡಿದೆ. ಕರಿ ಕೋಳಿ ಮೊದಲು ಬರುತ್ತದೆ. ಬಟ್ಟಲ ಮುಂದೆ ನಿಂತು ಒಂದು ಸಲ ಎಲ್ಲರನ್ನೂ ನೋಡಿ, ಆಮೇಲೆ ಬಾಯಿ ಹಾಕುತ್ತದೆ. ನನ್ನ ಅಮ್ಮ ಹಾಗೇ ಮಾಡುತ್ತಿದ್ದಳು. ಸುಳ್ಳು ಹೇಳಿ ನನಗೇನು ಆಗಬೇಕು? ಸೊಸೆ ಗೋಡೆಗೆ ಒತ್ತಿಕೊಂಡು ನಿಂತಿರುತ್ತದೆ. ನಾಲ್ಕೂ ಹೊಟ್ಟೆ ತುಂಬಿಸಿಕೊಂಡು ಮಣ್ಣಿನಲ್ಲಿ ಹೊರಳಾಡಲು ಹೋದ ಮೇಲೆ ಬಂದು ತಳದಲ್ಲಿ ಉಳಿದದ್ದನ್ನು ಹೆಕ್ಕುತ್ತದೆ. ನಿನ್ನ ಅಮ್ಮ ತಟ್ಟೆ ಮುಂದೆ ಇಟ್ಟುಕೊಂಡು ಕೂತು ಉಂಡದ್ದನ್ನು ನಾನು ಯಾವಾಗ ನೋಡಿದ್ದೇನೆ ಎಂದು ಯೋಚಿಸಿದೆ. ಬಹಳ ಹೊತ್ತು ಯೋಚಿಸಿದೆ. ನೆನಪಾಗಲಿಲ್ಲ.

ಇರಲಿ. ಇದು ಕೋಳಿಯ ಪತ್ರ.

ಸೊಸೆಯ ಕಾವು ಇಳಿದಿದೆ, ಈಗ ಮೊಟ್ಟೆಯಿಡುತ್ತಿದೆ. ಆಗಷ್ಟೇ ಇಟ್ಟ ಮೊಟ್ಟೆ ಇಷ್ಟು ಬೆಚ್ಚಗಿರುತ್ತದೆ ಎಂದು ನನಗೆ ಯಾರೂ ಹೇಳಿರಲಿಲ್ಲ. ನಾನು ಮೊಟ್ಟೆಯನ್ನು ತಟ್ಟೆಯಲ್ಲಿ ಮಾತ್ರ ನೋಡಿದವನು. ಅಂಗಡಿಗೆ ಹೊರಡುವ ಮೊದಲು ಒಂದು ನಿಮಿಷ ಕೈಯಲ್ಲಿ ಹಿಡಿದುಕೊಂಡಿರುತ್ತೇನೆ. ನಗಬೇಡ.

ಭಾನುವಾರ ರೆಕ್ಕೆಯ ಕೆಲಸ ಮಾಡಿದೆ. ಹಿತ್ತಲಲ್ಲಿ ಸ್ಟೂಲ್ ಹಾಕಿ, ಒಂದೊಂದನ್ನೇ ಹಿಡಿದು, ಅಂಗಡಿಯ ಬಿಳಿ ಬಟ್ಟೆ ಸುತ್ತಿ, ರೆಕ್ಕೆ ಬಿಡಿಸಿ, ಬಾಚಣಿಗೆ ಇಟ್ಟು ಅಳತೆ ನೋಡಿ ಕತ್ತರಿಸಿದೆ. ಎಡಗಡೆ ಎಷ್ಟೋ ಬಲಗಡೆಯೂ ಅಷ್ಟೇ. ಐದಕ್ಕೂ ಒಂದು ಎಳೆ ಹೆಚ್ಚು ಕಡಿಮೆ ಇಲ್ಲ. ಹಿಂದಿನ ಮನೆಯ ಟೀಚರಮ್ಮ ಕಿಟಕಿಯಿಂದ ನೋಡಿ, "ಮದುವೆಗೆ ಹೊರಟ ಹಾಗಿವೆ" ಎಂದರು. ಇಂಥ ಕೆಲಸ ನಿನ್ನ ಆಸ್ಪತ್ರೆಯಲ್ಲಿ ಯಾರ ಕೈಯಲ್ಲೂ ಆಗದು.

ಸೋಮವಾರ ಬೆಳಿಗ್ಗೆ ಐದೂ ಗೋಡೆ ಹಾರಿದವು. ಮೊದಲಿಗಿಂತ ಸಲೀಸಾಗಿ! ಕಾರ್ಯದರ್ಶಿಯ ಮೂರು ಮಡಿ ಪಾಲಕ್ ಬುಡಸಮೇತ ಖಾಲಿ. ಅವರು ಗೋಡೆಯ ಮೇಲೆ ಮುಖ ಇಟ್ಟು, "ಇದೇನು ಕಾಲೊನೀನೋ, ಕೋಳಿ ಫಾರ್ಮೋ?" ಎಂದು ಕೂಗಿದರು. ಸಂಜೆಗೆ ನೋಟಿಸು ಬಂತು. ನೈರ್ಮಲ್ಯ, ಸಾರ್ವಜನಿಕ ಹಿತ ಎಂದೆಲ್ಲ ಬರೆದು, ಫೆಬ್ರವರಿ 28ರೊಳಗೆ ಕೋಳಿಗಳನ್ನು ತೆರವುಗೊಳಿಸಬೇಕಂತೆ.

ನೋಟಿಸನ್ನು ಗೂಡಿನ ತಳಕ್ಕೆ ಹಾಸಿದ್ದೇನೆ. ಕಾಗದ ದಪ್ಪಗಿದೆ, ಚೆನ್ನಾಗಿ ಹೀರಿಕೊಳ್ಳುತ್ತದೆ.

ಅಪ್ಪ


ಫೆಬ್ರವರಿ 7

ಅಪ್ಪ,

ಒಂದು ರೆಕ್ಕೆ. ಒಂದೇ ಒಂದು ರೆಕ್ಕೆ ಕತ್ತರಿಸಬೇಕು! ಒಂದು ಕಡೆ ಗಿಡ್ಡ, ಒಂದು ಕಡೆ ಉದ್ದ ಇದ್ದರೆ ಹಾರುವಾಗ ವಾಲಿ ಬೀಳುತ್ತದೆ, ಎರಡು ಸಲ ಬಿದ್ದ ಮೇಲೆ ಪ್ರಯತ್ನ ಬಿಡುತ್ತದೆ. ಎರಡೂ ಕಡೆ ಸಮ ಮಾಡಿ, ಅಷ್ಟು ಅಚ್ಚುಕಟ್ಟಾಗಿ ಮಾಡಿ, ನೀವು ಅವುಗಳ ಭಾರ ಇಳಿಸಿ ಕಳಿಸಿದ್ದೀರಿ. ಬರೆಯದೆ ಬಿಟ್ಟದ್ದು ನನ್ನ ತಪ್ಪು. ನಲವತ್ತಾರು ವರ್ಷ ಎರಡು ಕಿವಿಯ ಪಕ್ಕ ಸಮ ಬಂತಾ ಎಂದು ಬಗ್ಗಿ ಬಗ್ಗಿ ನೋಡಿದ ಮನುಷ್ಯನಿಗೆ ಇದನ್ನು ದಪ್ಪ ಅಕ್ಷರದಲ್ಲಿ ಬರೆಯಬೇಕಿತ್ತು. ನಮ್ಮ ಡಾಕ್ಟರಿಗೆ ಹೇಳಿದೆ. ಅವರು ಹಸುವಿಗೆ ಇಂಜೆಕ್ಷನ್ ಕೊಡುವುದನ್ನು ನಿಲ್ಲಿಸಿ ನಕ್ಕರು.

ಕತ್ತರಿಸಿದ ಗರಿ ಈಗ ಬೆಳೆಯುವುದಿಲ್ಲ, ಹಳೆಯ ಪುಕ್ಕ ಉದುರಿ ಹೊಸದು ಬರುವ ಕಾಲಕ್ಕೇ ಬರಬೇಕು. ಈಗ ಒಂದು ಕಡೆ ಇನ್ನೂ ಗಿಡ್ಡ ಮಾಡಿ. ಇಲ್ಲದಿದ್ದರೆ ಗೋಡೆಯ ಮೇಲೆ ಬಲೆ ಕಟ್ಟಿ.

ನಗು ಮುಗಿದ ಮೇಲೆ ಒಂದು ಮಾತು. ನೋಟಿಸು ಬಂದಿದೆ. ನಿಮಗೆ ಮಂಡಿ ನೋವು, ಬೆಳಿಗ್ಗೆಯಿಂದ ಸಂಜೆಯವರೆಗೆ ಅಂಗಡಿ. ಐದನ್ನೂ ನನಗೆ ಕಳಿಸಿ. ಇಲ್ಲಿ ಆಸ್ಪತ್ರೆಯ ಹಿಂದೆ ಜಾಗವಿದೆ. ನೀವು ಸೋತಿರಿ ಎಂದು ನಾನು ಯಾರಿಗೂ ಹೇಳುವುದಿಲ್ಲ.

ಮಗಳು


ಫೆಬ್ರವರಿ 21

ಮಗಳೇ,

ಜಪ್ಪಯ್ಯ ಅಂದರೂ ಕಳಿಸುವುದಿಲ್ಲ. ಆ ಮಾತನ್ನು ಇನ್ನೊಮ್ಮೆ ಎತ್ತಬೇಡ.

ಒಂದು ಕಡೆ ಗಿಡ್ಡ ಮಾಡಲು ಕೂತೆ. ಸೊಸೆಯನ್ನು ತೊಡೆಯ ಮೇಲೆ ಇಟ್ಟುಕೊಂಡೆ, ಕತ್ತರಿ ತೆರೆದೆ, ಕೈ ಮುಂದೆ ಹೋಗಲಿಲ್ಲ. ಅರ್ಧ ತಲೆ ಮಾಡಿ ಒಂದು ಜೀವವನ್ನು ಬೀದಿಗೆ ಕಳಿಸಿ ನನಗೆ ಅಭ್ಯಾಸವಿಲ್ಲ. ಬಲೆ ತಂದು ಕಟ್ಟಿದೆ. ಗೋಡೆಯ ಮೇಲೆ ಒಬ್ಬನೇ ಹತ್ತಿದ್ದಕ್ಕೆ ನೀನು ಬೈಯುತ್ತೀಯ ಎಂದು ಅದರ ವಿವರ ಬರೆಯುವುದಿಲ್ಲ.

ಈಗ ಕೇಳು. ಮಂಗಳವಾರ ಕಾರ್ಯದರ್ಶಿ ಎಂದಿನಂತೆ ಶೇವಿಂಗಿಗೆ ಬಂದರು. ನೋಟಿಸು ಕೊಟ್ಟವರಿಗೆ ನಾಚಿಕೆಯಾದರೂ ಇರಬೇಕಲ್ಲ? ಇಲ್ಲ. ಕುರ್ಚಿಯಲ್ಲಿ ಕೂತು, ತಲೆ ಹಿಂದಕ್ಕೆ ಹಾಕಿ, ಕಣ್ಣು ಮುಚ್ಚಿದರು. ಎಡಕೆನ್ನೆ ಮುಗಿಸಿದೆ. ಬಲಕೆನ್ನೆಗೆ ಮತ್ತೆ ನೊರೆ ಹಚ್ಚುವಾಗ ಅವರು ಕಣ್ಣು ಮುಚ್ಚಿಕೊಂಡೇ ಶುರು ಮಾಡಿದರು.

"ಇಪ್ಪತ್ತೆಂಟನೇ ತಾರೀಕು ನೆನಪಿದೆಯಲ್ಲ? ಇಲ್ಲಾಂದ್ರೆ ಆಳುಗಳನ್ನ ಕಳಿಸಿ ಎತ್ತಿಸಬೇಕಾಗುತ್ತೆ. ಹೆಂಡತಿ ಹೋದ್ಮೇಲೆ ಕೋಳಿ ಇಟ್ಕೊಂಡು ಏನ್ಮಾಡ್ತೀರಿ ಹೇಳಿ."

ನಾನು ಕೆನ್ನೆಯ ನೊರೆ ಒರೆಸಿದೆ. ರೇಜರ್ ತೊಳೆದು ಡ್ರಾಯರಿನಲ್ಲಿಟ್ಟೆ. ಕತ್ತಿನ ಬಟ್ಟೆ ಬಿಚ್ಚಿ ಕೊಡವಿದೆ.

"ಮುಗೀತಾ?" ಎಂದರು.

"ಮುಗೀತು ಸಾರ್."

ಕನ್ನಡಿ ನೋಡಿಕೊಂಡರು. "ರೀ, ಇನ್ನೊಂದು ಕಡೆ?"

"ಒಂದೇ ಕಡೆ ತೆಗೀಬೇಕಂತೆ ಸಾರ್. ಎರಡೂ ಕಡೆ ತೆಗೆದ್ರೆ ಪಕ್ಕದ ಮನೆಗೆ ಹಾರಿ ಬರ್ತಾವಂತೆ. ನನ್ನ ಮಗಳು ಬರೆದಿದ್ದಾಳೆ, ಅವಳು ಆಸ್ಪತ್ರೆಯಲ್ಲಿರೋಳು."

ಸರದಿಗೆ ಕೂತಿದ್ದ ನಾಲ್ವರು ಪೇಪರಿನೊಳಗೆ ಮುಖ ಹುದುಗಿಸಿದರು. ಪೇಪರು ಅಲುಗಾಡುತ್ತಿತ್ತು. ಕಾರ್ಯದರ್ಶಿ ಕರವಸ್ತ್ರವನ್ನು ಕೆನ್ನೆಗೆ ಒತ್ತಿಕೊಂಡು, ಹಲ್ಲು ನೋವು ಬಂದವರಂತೆ, ಇಡೀ ಬೀದಿ ದಾಟಿ ಮನೆಗೆ ಹೋದರು. ಇನ್ನೊಂದು ಅಂಗಡಿ ಬೇಕಾದರೆ ಬಸ್ಸಿನಲ್ಲಿ ಎರಡು ಸ್ಟಾಪ್ ಹೋಗಬೇಕು.

ಅದರ ಫಲವೂ ಬಂದಿದೆ. ಈಗ ಇದು ನೋಟಿಸಿನ ವಿಷಯವಲ್ಲವಂತೆ. ಮಾರ್ಚ್ 16ಕ್ಕೆ ಸಂಘದ ಸಭೆ ಕರೆದಿದ್ದಾರೆ. ಮೂವತ್ತೆರಡು ಮನೆ, ಮನೆಗೊಂದು ವೋಟು. ಕೋಳಿ ಇರಬೇಕೋ ಬೇಡವೋ ಎಂದು ಕೈ ಎತ್ತುತ್ತಾರಂತೆ. ಎತ್ತಲಿ.

ನಿನಗೊಬ್ಬಳಿಗೆ ಹೇಳುತ್ತೇನೆ. ಅವರು ಹೋದ ಮೇಲೆ ನನಗೆ ಖುಷಿಯಾಗಲಿಲ್ಲ. ಅರ್ಧ ಮಾಡಿ ಬಿಟ್ಟ ಕೆಲಸ ಸಂಜೆಯವರೆಗೂ ಕೈಯಲ್ಲಿ ಕಡಿಯುತ್ತಿತ್ತು.

ಅಪ್ಪ


ಮಾರ್ಚ್ 1

ಅಪ್ಪ,

ನೀವು ಮಾಡಿದ್ದು ತಪ್ಪು. ಇದನ್ನು ಮೊದಲೇ ಬರೆದುಬಿಡುತ್ತೇನೆ, ಯಾಕೆಂದರೆ ಮುಂದೆ ಬರೆಯಲು ಧೈರ್ಯ ಸಾಲದು. ನಿಮ್ಮ ಪತ್ರವನ್ನು ಬಸ್ಸಿನಲ್ಲಿ ಓದಿದೆ. ಒಬ್ಬಳೇ ನಗುತ್ತಿದ್ದುದನ್ನು ನೋಡಿ ಪಕ್ಕದಲ್ಲಿದ್ದವರು ಎದ್ದು ಬೇರೆ ಸೀಟಿಗೆ ಹೋದರು. ಅಮ್ಮ ಹೋದ ಮೇಲೆ ನಾನು ಹೊಟ್ಟೆ ಹುಣ್ಣಾಗುವಷ್ಟು ನಕ್ಕದ್ದು ಅದೇ ಮೊದಲು.

ಮನೆ ತಲುಪಿ ಇನ್ನೊಮ್ಮೆ ಓದಿದೆ. ಆಗ ನಗು ಬರಲಿಲ್ಲ. "ಹೆಂಡತಿ ಹೋದ್ಮೇಲೆ ಕೋಳಿ ಇಟ್ಕೊಂಡು ಏನ್ಮಾಡ್ತೀರಿ" ಎಂದು ಕಾರ್ಯದರ್ಶಿ ಕೇಳಿದ್ದನ್ನೇ ನಾನೂ ಕೇಳಿದ್ದೆ, ಬೇರೆ ಮಾತಿನಲ್ಲಿ, ಪಂಜರ ಹಿಡಿದುಕೊಂಡು. ನೀವು ನನಗೆ ಉತ್ತರ ಕೊಡಲಿಲ್ಲ. ಇವತ್ತಿನವರೆಗೂ ಕೊಟ್ಟಿಲ್ಲ. ಅವರಿಗಾದರೂ ಒಂದು ಕೆನ್ನೆಯ ಉತ್ತರ ಸಿಕ್ಕಿತು.

ಸಭೆಯಲ್ಲಿ ಯಾರಾದರೂ ಮತ್ತೆ ಅದನ್ನೇ ಕೇಳುತ್ತಾರೆ. ಹಟ ಮಾಡುವುದು ನಿಮಗೆ ಬರುತ್ತದೆ, ನನಗೂ ಅದು ನಿಮ್ಮಿಂದಲೇ ಬಂದಿದೆ. ಮೂವತ್ತೆರಡು ಮನೆಯವರ ಮುಂದೆ ಅದು ಸಾಲುವುದಿಲ್ಲ. ಗೊಬ್ಬರ ಸಿಗುತ್ತದೆ, ಹುಳ ತಿನ್ನುತ್ತವೆ, ಅಡುಗೆಮನೆಯ ಕಸ ಕಡಿಮೆಯಾಗುತ್ತದೆ ಎಂದು ಹೇಳಿ. ಜೊತೆಗಿಟ್ಟ ಹಾಳೆಯಲ್ಲಿ ಎಲ್ಲ ಬರೆದಿದ್ದೇನೆ. ಸುಣ್ಣ ಹಾಕಿ ಗುಡಿಸಿದರೆ ವಾಸನೆ ಬರುವುದಿಲ್ಲ ಎನ್ನುವುದನ್ನೂ ಹೇಳಿ. ಕಾರ್ಯದರ್ಶಿಯ ಮುಖ ನೋಡಿ ನಗಬೇಡಿ.

ಮಗಳು


ಮಾರ್ಚ್ 17

ಮಗಳೇ,

ಸೋತೆ. ಹದಿನೇಳು ಕೈ ಬೇಡ ಎಂದವು, ಹದಿನಾಲ್ಕು ಇರಲಿ ಎಂದವು. ನಾನು ಕೈ ಎತ್ತಲಿಲ್ಲ. ಎತ್ತಿದ್ದರೂ ಸೋಲುತ್ತಿದ್ದೆ.

ಸಂಘದ ಕೊಠಡಿ ತುಂಬಿತ್ತು. ಕುರ್ಚಿ ಸಾಲದೆ ಕೆಲವರು ಗೋಡೆಗೆ ಒರಗಿ ನಿಂತಿದ್ದರು. ಬಹುಪಾಲು ತಲೆಗಳು ನಾನೇ ಕ್ಷೌರ ಮಾಡಿದವು. ಹಿಂದಿನ ಸಾಲಿನಲ್ಲಿ ಕೂತು ಅವನ್ನು ನೋಡುತ್ತಾ ಸ್ವಲ್ಪ ಧೈರ್ಯ ತಂದುಕೊಂಡೆ. ಕಾರ್ಯದರ್ಶಿ ಎದ್ದು ನಿಂತು ಪಾಲಕ್ ಕಥೆ ಓದಿದರು. ಅಂಗಡಿಯ ಕಥೆ ಓದಲಿಲ್ಲ. ಆಮೇಲೆ ನನ್ನ ಕಡೆ ತಿರುಗಿ, "ಮೊಟ್ಟೆ ಅಂಗಡೀಲಿ ಸಿಗುತ್ತೆ. ನಿಮಗೆ ಕೋಳಿ ಯಾಕೆ ಬೇಕು? ಒಂದು ಕಾರಣ ಹೇಳಿ, ಸಾಕು" ಎಂದರು. ಆ ಮನುಷ್ಯ ಕೆಟ್ಟದಾಗಿ ಕೇಳಲಿಲ್ಲ. ನಿಜವಾಗಿ ತಿಳಿಯಬೇಕು ಎಂದೇ ಕೇಳಿದರು.

ನಿನ್ನ ಹಾಳೆ ಜೇಬಿನಲ್ಲಿತ್ತು. ಗೊಬ್ಬರದಿಂದ ಶುರು ಮಾಡಬೇಕು ಎಂದು ಬಾಯಿಪಾಠ ಮಾಡಿದ್ದೆ. ಎದ್ದು ನಿಂತೆ. ಬಾಯಿಂದ ಬೇರೆಯೇ ಬಂತು. ಅಷ್ಟು ಜನರ ಮುಂದೆ ಹೇಳಿದ್ದನ್ನು ನಿನಗೆ ಹೇಳದೆ ಇರಲು ನನಗೆ ಹಕ್ಕಿಲ್ಲ. ಓದು.

ನಿನ್ನ ಅಮ್ಮ ಮಲಗಿದ್ದಲ್ಲೇ ಹೋದಳು ಎಂದು ನಿನಗೆ ಹೇಳಿದ್ದೆ. ಸುಳ್ಳು. ಆ ಸಂಜೆ ನಾನು ಅಂಗಡಿಯಿಂದ ಬಂದು ಪೇಪರು ಹಿಡಿದು ಕೂತಿದ್ದೆ. ಅವಳು ಅಡುಗೆಮನೆಯ ಬಾಗಿಲಿಗೆ ಬಂದು, "ಯಾಕೋ ಸುಸ್ತು ರೀ. ಇವತ್ತೊಂದು ದಿನ ಕೋಳಿಗೆ ನೀವು ಕಾಳು ಹಾಕ್ತೀರಾ?" ಎಂದಳು. ನಲವತ್ತು ವರ್ಷದಲ್ಲಿ ಅವಳು ನನ್ನನ್ನು ಕೇಳಿದ ಕೆಲಸ ಅದೊಂದೇ. ನಾನು ಪೇಪರು ಇಳಿಸದೆ, "ಬೆಳಗಿಂದ ನಿಂತ್ಕೊಂಡೇ ಇದ್ದೀನಿ, ಕಾಲು ಬಿದ್ದುಹೋಗ್ತಿದೆ" ಎಂದೆ. ಅವಳು ಬಟ್ಟಲು ತೆಗೆದುಕೊಂಡು ಹಿತ್ತಲಿಗೆ ಹೋದಳು.

ಸ್ವಲ್ಪ ಹೊತ್ತಿಗೆ ಕೋಳಿಗಳು ಮನೆಯೊಳಗೆ ಬಂದವು. ಐದೂ. ನಾನು ಕೂತಿದ್ದ ಕೋಣೆಗೇ ಬಂದು, ಕಾಲ ಹತ್ತಿರ ಓಡಾಡಿದವು. ಹಿತ್ತಲ ಬಾಗಿಲು ಹಾಕದೆ ಬಿಟ್ಟಿದ್ದಾಳೆ ಎಂದು ನನಗೆ ಸಿಟ್ಟು ಬಂತು. "ಏನಿದು, ಕೋಳೀನೆಲ್ಲ ಒಳಗೆ ಬಿಟ್ಟಿದ್ದೀಯಲ್ಲ!" ಎಂದು ಕೂತಲ್ಲಿಂದಲೇ ಕೂಗಿದೆ. ಎರಡು ಸಲ ಕೂಗಿದೆ ಮಗಳೇ. ಉತ್ತರ ಬರದಿದ್ದಾಗ ಇನ್ನಷ್ಟು ಸಿಟ್ಟು ಬಂತು, ಆಗ ಎದ್ದು ಹೋದೆ. ಅವಳು ಗೂಡಿನ ಮುಂದೆ ಬಿದ್ದಿದ್ದಳು. ಕಾಳು ಸುತ್ತಲೂ ಚೆಲ್ಲಿತ್ತು. ಒಂದೂ ಅದನ್ನು ಮುಟ್ಟಿರಲಿಲ್ಲ.

ಇದನ್ನು ಹೇಳಿ, "ಇವು ನನ್ನನ್ನು ಕರೆಯೋಕೆ ಬಂದಿದ್ವು. ನಾನು ಕೂತಲ್ಲೇ ಬೈದೆ. ಅವತ್ತು ಹಾಕದೆ ಇದ್ದ ಕಾಳನ್ನ ನಾನು ದಿನಾ ಹಾಕ್ಬೇಕು. ನೀವು ಕೈ ಎತ್ತಿ, ಬಿಡಿ. ನಾನು ಕೇಳೋಕೆ ಬಂದಿಲ್ಲ, ಹೇಳೋಕೆ ಬಂದಿದ್ದೀನಿ" ಎಂದೆ. ಕೂತುಕೊಂಡೆ. ಆಮೇಲೆ ಕೈಗಳು ಎದ್ದವು. ಬೇಡ ಎಂದು ಎತ್ತಿದವರಲ್ಲಿ ಕೆಲವರು ನೆಲ ನೋಡುತ್ತಿದ್ದರು. ನಿಯಮ ನಿಯಮವೇ ಎಂದರು. ಏಪ್ರಿಲ್ 1ಕ್ಕೆ ಆಳುಗಳು ಬರುತ್ತಾರಂತೆ.

ಇವತ್ತು ಬೆಳಿಗ್ಗೆ ಎರಡು ಬಟ್ಟಲಿಟ್ಟು ಹೆಸರು ಹಿಡಿದು ಕರೆದೆ. ನಾಳೆಯೂ ಕರೆಯುತ್ತೇನೆ. ಏಪ್ರಿಲ್ 2ಕ್ಕೂ ಕರೆಯುತ್ತೇನೆ. ನೀನು ನನ್ನನ್ನು ಏನು ಬೇಕಾದರೂ ಅನ್ನು. ಪಂಜರ ಮಾತ್ರ ತರಬೇಡ.

ಅಪ್ಪ


ಮಾರ್ಚ್ 23

ಅಪ್ಪ,

ನನಗೆ ಗೊತ್ತಿತ್ತು. ಅಮ್ಮ ಹಿತ್ತಲಲ್ಲಿ ಬಿದ್ದಿದ್ದಳು ಎಂದು ಟೀಚರಮ್ಮ ಅವತ್ತೇ ಹೇಳಿದ್ದರು. ನೀವು ಪೇಪರು ಇಳಿಸಲಿಲ್ಲ ಎನ್ನುವುದು ಗೊತ್ತಿರಲಿಲ್ಲ, ಊಹೆ ಮಾಡಿದ್ದೆ. ಹತ್ತು ದಿನ ನಿಮ್ಮ ಬಾಯಿಂದ ಬರಲಿ ಎಂದು ಕಾದೆ. ಬರಲಿಲ್ಲ. ಅದಕ್ಕೇ ಪಂಜರ ತಂದೆ, ಅದಕ್ಕೇ ಆ ಮಾತು ಆಡಿದೆ. ನಿಮಗೆ ನೋವಾಗಲಿ ಎಂದೇ ಆಡಿದೆ.

ನಾನು ಕ್ಷಮಿಸಿದ್ದೇನೆ ಎಂದು ಬರೆಯುವುದಿಲ್ಲ. ಅದು ನಾನು ಕೊಡುವಂಥದ್ದಲ್ಲ. ಮತ್ತೆ, ನಾನೇನು ದೊಡ್ಡವಳು? ಅದೇ ವಾರ ಅಮ್ಮ ಫೋನ್ ಮಾಡಿ, "ಸ್ವಲ್ಪ ಎದೆ ಹಿಡಿದ ಹಾಗಾಗುತ್ತೆ ಕಣೇ" ಎಂದಿದ್ದಳು. ನಾನು ಒಂದು ಎಮ್ಮೆಯ ಹೆರಿಗೆಯಲ್ಲಿದ್ದೆ. "ಆಮೇಲೆ ಮಾತಾಡ್ತೀನಿ ಅಮ್ಮ" ಎಂದು ಇಟ್ಟೆ. ಮರೆತೆ. ನಾಲ್ಕು ದಿನ ಮರೆತೆ. ಇದನ್ನು ನಾನು ಯಾರ ಮುಂದೆಯೂ ಎದ್ದು ನಿಂತು ಹೇಳಿಲ್ಲ. ನೀವು ಮೂವತ್ತೆರಡು ಮನೆಯ ಮುಂದೆ ಹೇಳಿದಿರಿ.

ಇಪ್ಪತ್ತು ದಿನ ರಜೆ ಹಾಕಿದ್ದೇನೆ. 31ರ ಸಂಜೆ ಬಸ್ಸಿಗೆ ಬರುತ್ತೇನೆ. ಹೆದರಿಸಿದ ಕೋಳಿ ಹೇಗೆ ಹಾರಾಡುತ್ತದೆ, ಎಲ್ಲಿ ಹಿಡಿದರೆ ಕಾಲು ಮುರಿಯುತ್ತದೆ ಎಂದು ಆ ಆಳುಗಳಿಗೆ ಗೊತ್ತಿರುವುದಿಲ್ಲ. ನನಗೆ ಗೊತ್ತು. ನಾನಿರುವಾಗ ಯಾರೂ ಅವನ್ನು ಮುಟ್ಟುವುದಿಲ್ಲ.

ಖಾಲಿ ಕೈಯಲ್ಲಿ ಬರುತ್ತೇನೆ. ನನ್ನ ಮಂಚದ ಮೇಲೆ ಕಾಳಿನ ಚೀಲ ಇಟ್ಟಿದ್ದರೆ ತೆಗೆಯಿರಿ.

ನಿಮ್ಮ ಮಗಳು


ಏಪ್ರಿಲ್ 3

ಗೆ,
ಕಾರ್ಯದರ್ಶಿಗಳು,
ನಿವಾಸಿಗಳ ಸಂಘ

ವಿಷಯ: ಕೋಳಿಗಳ ತೆರವಿನ ಬಗ್ಗೆ ನಿಮ್ಮ ನೋಟಿಸು

ಮಾನ್ಯರೇ,

ಮೊನ್ನೆ ಬೆಳಿಗ್ಗೆ ನೀವು ಕಳಿಸಿದ ಇಬ್ಬರು ಗೋಣಿಚೀಲ ಹಿಡಿದು ನಮ್ಮ ಹಿತ್ತಲಿಗೆ ಬಂದಿದ್ದರು. ನಮ್ಮಲ್ಲಿ ಒಬ್ಬರು ಗೂಡಿನ ಬಾಗಿಲಿಗೆ ಬೆನ್ನು ಕೊಟ್ಟು ಕೂತಿದ್ದರು, ಇನ್ನೊಬ್ಬರು ಅವರ ಮುಂದೆ ನಿಂತಿದ್ದರು. ಬಂದವರ ಮೇಲೆ ನಮಗೆ ಸಿಟ್ಟಿಲ್ಲ. ಕುಡಿಯಲು ನೀರು ಕೊಟ್ಟೆವು. ಅವರು ಒಂದು ಗಂಟೆ ಕಾದು, ಚೀಲವನ್ನು ಮಡಚಿ ಕಂಕುಳಲ್ಲಿಟ್ಟುಕೊಂಡು ಹೋದರು. ಇನ್ನು ಮುಂದೆ ಅವರನ್ನು ಕಳಿಸಬೇಡಿ. ಕೇಳುವುದಿದ್ದರೆ ನೀವೇ ಬನ್ನಿ.

ಪಾಲಕ್ ಹಾಳಾದದ್ದು ನಮ್ಮ ತಪ್ಪು. ಗೋಡೆಯ ಮೇಲೆ ಬಲೆ ಕಟ್ಟಿದ್ದೇವೆ. ಒಪ್ಪಿದರೆ ಮೂರು ಮಡಿಯನ್ನೂ ನಾವೇ ಅಗೆದು ಹೊಸದಾಗಿ ಬೀಜ ಹಾಕಿಕೊಡುತ್ತೇವೆ, ಗೊಬ್ಬರ ನಮ್ಮಲ್ಲೇ ಬೇಕಾದಷ್ಟಿದೆ. ಅಂಗಡಿಯಲ್ಲಿ ಅವತ್ತು ನಡೆದದ್ದಕ್ಕೆ ಅಂಗಡಿಯವರು ಕ್ಷಮೆ ಕೇಳುತ್ತಾರೆ. (ಈ ಸಾಲನ್ನು ಮಗಳು ಬರೆಸಿದ್ದು.) ಗೂಡನ್ನು ದಿನಾ ಸುಣ್ಣ ಹಾಕಿ ಗುಡಿಸುತ್ತೇವೆ, ಮೂಗು ಹಿಡಿಯದೆ ಬಂದು ನೋಡಬಹುದು. ಸದ್ದಿನ ವಿಷಯಕ್ಕೆ ಬಂದರೆ, ನಮ್ಮಲ್ಲಿ ಹುಂಜವಿಲ್ಲ. ಮೊಟ್ಟೆಯಿಟ್ಟ ಮೇಲೆ ಅತ್ತೆ ಎರಡು ನಿಮಿಷ ಕೂಗುತ್ತದೆ. ಅದರ ಬಾಯಿ ಮುಚ್ಚಿಸುವುದು ನಮ್ಮ ಕೈಲಾಗದು.

ವೋಟಿನಲ್ಲಿ ಸೋತಿದ್ದೇವೆ, ಒಪ್ಪುತ್ತೇವೆ. ಸಂಘದಿಂದ ಹೆಸರು ತೆಗೆಯುವುದಾದರೆ ತೆಗೆಯಿರಿ, ದೂರು ಕೊಡುವುದಾದರೆ ಕೊಡಿ. ಎಲ್ಲಿಗೆ ಕರೆದರೂ ಬರುತ್ತೇವೆ. ಕೋಳಿ ಕೊಡುವುದಿಲ್ಲ.

ಸಭೆ ಮುಗಿದ ಮೇಲೆ ಬಾಗಿಲ ಹತ್ತಿರ ನೀವು ಯಾರಿಗೋ, "ಆಯಮ್ಮ ಇದ್ದಿದ್ರೆ ಇಷ್ಟು ರಂಪ ಆಗ್ತಿರಲಿಲ್ಲ" ಎಂದಿರಂತೆ. ನಿಜ. ಅವಳಿದ್ದಿದ್ದರೆ ನಿಮ್ಮ ಮೊದಲ ನೋಟಿಸಿಗೇ ಒಂದು ಮಾತೂ ಆಡದೆ ಐದನ್ನೂ ಹಿಡಿದು ಯಾರಿಗಾದರೂ ಕೊಟ್ಟುಬಿಡುತ್ತಿದ್ದಳು. ಈ ಮನೆಯಲ್ಲಿ ಕೇಳಿದವರಿಗೆಲ್ಲ ಕೇಳಿದ್ದನ್ನೆಲ್ಲ ಅವಳು ಕೊಟ್ಟಳು, ನಾವು ತೆಗೆದುಕೊಂಡೆವು. ಅದಕ್ಕೇ ಇವನ್ನು ಕೊಡುವುದಿಲ್ಲ.

ಇಂತಿ,
ಗೇಟಿನ ಪಕ್ಕದ ಅಂಗಡಿಯ ಕ್ಷೌರಿಕ
ಮತ್ತು ಅವರ ಮಗಳು, ಪಶು ಆಸ್ಪತ್ರೆಯ ಕಾಂಪೌಂಡರ್